ಕಿಟ್ ಸಾಲದಿದ್ದರೆ ಸಿಮ್ಯುಲೇಟರ್ ಇದೆ, ಅದನ್ನು ಓಡಿಸುವ ಕಮಾಂಡ್ ಕಲಿಸಿ

ಮಾನ್ಯ ಸಂಪಾದಕರೇ,

ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುತ್ತಿರುವ ವಿದ್ಯಾರ್ಥಿಯೊಬ್ಬರು ತಮ್ಮ ಕಾಲೇಜಿನ ಮೈಕ್ರೊಕಂಟ್ರೋಲರ್ (ಯಂತ್ರಗಳನ್ನು ನಿಯಂತ್ರಿಸುವ, ಪುಟ್ಟ ಕಂಪ್ಯೂಟರಿನಂಥ ಚಿಪ್) ಪ್ರಯೋಗಾಲಯದಲ್ಲಿ ಅಭ್ಯಾಸದ ಬೋರ್ಡುಗಳಾದ ಕಿಟ್‌ಗಳು ಸಾಲುತ್ತಿಲ್ಲವೆಂದು ನಿಮ್ಮ ವಾಚಕರ ಪತ್ರಗಳ ಅಂಕಣದಲ್ಲಿ ಬರೆದದ್ದನ್ನು ಓದಿದೆ. ಒಂದು ಕಿಟ್ಟಿನ ಸುತ್ತ ಏಳೆಂಟು ಮಂದಿ ನಿಂತು, ಒಬ್ಬ ಕೀಲಿ ಒತ್ತುವುದನ್ನು ಉಳಿದವರು ನೋಡಿ ರೆಕಾರ್ಡ್ ಪುಸ್ತಕ ತುಂಬಿಸುವ ಸ್ಥಿತಿಯನ್ನು ಅವರು ವಿವರಿಸಿದ್ದಾರೆ. ಅವರ ದೂರು ನಿಜ. ಆದರೆ ಕಿಟ್ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಕಾಲೇಜಿನ ಕಪಾಟಿನಲ್ಲಿ ದೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರ್‌ಗಳಲ್ಲೇ ಇಂದಿನಿಂದ ಮಾಡಬಹುದಾದ ಕೆಲಸವೊಂದಿದೆ: ಬರೆದ ಪ್ರೋಗ್ರಾಮನ್ನು ಸಿಮ್ಯುಲೇಟರಿನಲ್ಲಿ, ಅಂದರೆ ಚಿಪ್ಪಿನಂತೆಯೇ ವರ್ತಿಸುವ ತಂತ್ರಾಂಶದಲ್ಲಿ, ಓಡಿಸಿ ನೋಡುವುದು. ಅದನ್ನು ಯಾರೂ ಕಲಿಸುತ್ತಿಲ್ಲ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ವಿವರ ಬಿಟ್ಟರೆ ಕೆಲಸಕ್ಕೆ ಬಾರದು ಎನ್ನುವ ಕಾರಣಕ್ಕೆ ಹಾಗೆಯೇ ಕಳುಹಿಸುತ್ತಿದ್ದೇನೆ.

ದಾವಣಗೆರೆಯ ಪಿ.ಬಿ. ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ ನನ್ನದೊಂದು ಸಣ್ಣ ಕಾರ್ಯಾಗಾರವಿದೆ. ಕೊಳವೆಬಾವಿ ಪಂಪ್‌ಸೆಟ್‌ಗಳ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರುವ ನಿಯಂತ್ರಕ ಬೋರ್ಡುಗಳನ್ನು ತಯಾರಿಸುತ್ತೇವೆ, ಹಳೆಯವನ್ನು ದುರಸ್ತಿ ಮಾಡುತ್ತೇವೆ. ಚನ್ನಗಿರಿ, ಹೊನ್ನಾಳಿಯ ಅಡಿಕೆ ತೋಟದವರೂ ಬರುತ್ತಾರೆ, ಜಗಳೂರಿನ ಒಣಭೂಮಿಯವರೂ ಬರುತ್ತಾರೆ. ಮೂರು ಫೇಸಿನಲ್ಲಿ ಒಂದು ತಪ್ಪಿದರೆ ತಕ್ಷಣ ಮೋಟಾರ್ ನಿಲ್ಲಿಸುವುದು, ಬಾವಿಯಲ್ಲಿ ನೀರು ಕಡಿಮೆಯಾದರೆ ನಿಲ್ಲಿಸುವುದು, ಹೋದ ಕರೆಂಟ್ ಮರಳಿ ಬಂದಾಗ ಕೂಡಲೇ ಚಾಲೂ ಮಾಡದೆ ಸ್ವಲ್ಪ ಹೊತ್ತು ತಡೆಯುವುದು, ಇಷ್ಟು ಈ ಬೋರ್ಡಿನ ಕೆಲಸ. ತಡೆಯುವುದು ಏಕೆಂದರೆ, ಮೋಟಾರ್ ಏಳುವಾಗ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಒಂದು ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಮೇಲಿರುವ ಎಲ್ಲ ಪಂಪ್‌ಗಳೂ ಒಮ್ಮೆಲೇ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಟಿ.ಸಿ. ಸುಡುತ್ತದೆ. ಹೀಗಾಗಿ ಒಂದೊಂದು ಬೋರ್ಡಿನಲ್ಲಿ ಒಂದೊಂದು ಅವಧಿ ಹೊಂದಿಸಿ ಕೊಡುತ್ತೇವೆ. ಇದೆಲ್ಲವನ್ನೂ ನಿರ್ಧರಿಸುವುದು ಉಗುರಿನಷ್ಟು ಅಗಲದ ಮೈಕ್ರೊಕಂಟ್ರೋಲರ್ ಮತ್ತು ಅದರೊಳಗಿನ ಪ್ರೋಗ್ರಾಮ್. ಅದರಲ್ಲಿ ತಪ್ಪಿದ್ದರೆ ನಡುರಾತ್ರಿ ಯಾರದೋ ತೋಟದಲ್ಲಿ ಮೋಟಾರಿನ ವೈಂಡಿಂಗ್ ಸುಟ್ಟು ಹೋಗುತ್ತದೆ. ಮೋಟಾರನ್ನು ಬಾವಿಯಿಂದ ಎತ್ತಿಸುವ ಖರ್ಚು, ವೈಂಡಿಂಗ್ ಖರ್ಚು, ಅಷ್ಟು ದಿನ ನೀರಿಲ್ಲದೆ ಒಣಗುವ ಗಿಡಗಳ ನಷ್ಟ, ಎಲ್ಲವೂ ರೈತನ ತಲೆಯ ಮೇಲೆ ಬೀಳುತ್ತದೆ.

ಇಂಥ ಕೆಲಸಕ್ಕೆ ಡಿಪ್ಲೊಮಾ ಮುಗಿಸಿದ ಮಕ್ಕಳನ್ನು ತೆಗೆದುಕೊಳ್ಳುತ್ತೇನೆ. ಬುದ್ಧಿವಂತರೇ ಬರುತ್ತಾರೆ. ರಿಜಿಸ್ಟರ್‌ಗಳ ಹೆಸರು, ಟೈಮರ್‌ನ ಮೋಡ್‌ಗಳು ಬಾಯಿಪಾಠವಾಗಿರುತ್ತವೆ. ಆದರೆ ಬರೆದ ಪ್ರೋಗ್ರಾಮ್ ಸರಿಯಿದೆಯೇ ಎಂದು ತಾವೇ ಪರೀಕ್ಷಿಸಿ ನೋಡುವ ಕ್ರಮ ಗೊತ್ತಿರುವುದಿಲ್ಲ. ಜಗಳೂರು ಕಡೆಯಿಂದ ಬಂದು ಸೇರಿದ ಹುಡುಗಿಗೆ, ಇದನ್ನು ಮೊದಲು ಸಿಮ್ಯುಲೇಟರಿನಲ್ಲಿ ಓಡಿಸಿ ನೋಡು ಎಂದಾಗ ಅವಳು ಕೇಳಿದ್ದು, ‘ಅಕ್ಕಾ, ಬೋರ್ಡ್ ಇಲ್ಲದೆ ಪ್ರೋಗ್ರಾಮ್ ಎಲ್ಲಿ ಓಡುತ್ತದೆ?’ ಎಂದು. ಮೂರು ವರ್ಷ ಓದಿದ ಮಗುವಿಗೆ ಇದನ್ನು ಒಮ್ಮೆಯೂ ತೋರಿಸಿರಲಿಲ್ಲ. ಅವಳು ಓದಿದ ಕಾಲೇಜಿನಲ್ಲಿ ಒಂದು ಚಿತ್ರರೂಪದ ತಂತ್ರಾಂಶವಿತ್ತಂತೆ. ಅದು ಹಣ ಕೊಟ್ಟು ಕೊಳ್ಳಬೇಕಾದದ್ದು, ಪರವಾನಗಿ ಇದ್ದದ್ದು ಕೆಲವೇ ಕಂಪ್ಯೂಟರ್‌ಗಳಿಗೆ, ಮನೆಗೆ ಒಯ್ಯುವಂತಿರಲಿಲ್ಲ.

ಸಿಮ್ಯುಲೇಟರ್ ಎಂದರೆ ಮೈಕ್ರೊಕಂಟ್ರೋಲರ್ ಮಾಡುವ ಕೆಲಸವನ್ನು ಆದೇಶ ಆದೇಶವಾಗಿ ಅನುಕರಿಸುವ ಪ್ರೋಗ್ರಾಮ್. ಚಿಪ್ಪಿಗೆ ತುಂಬಬೇಕಾದ ಅದೇ ಹೆಕ್ಸ್ ಕಡತವನ್ನು (ಚಿಪ್ಪಿನ ಭಾಷೆಗೆ ತಿರುಗಿಸಿದ ಪ್ರೋಗ್ರಾಮನ್ನು) ಇದಕ್ಕೆ ಕೊಟ್ಟರೆ ಯಾವ ಪಿನ್ನಿನ ವೋಲ್ಟೇಜ್ ಯಾವಾಗ ಏರಿತು, ಯಾವಾಗ ಇಳಿಯಿತು, ಸೀರಿಯಲ್ ಪೋರ್ಟಿನಿಂದ (ಅಕ್ಷರಗಳು ಒಂದೊಂದೇ ಬಿಟ್ ಆಗಿ ಸಾಗುವ ದಾರಿಯಿಂದ) ಯಾವ ಅಕ್ಷರ ಹೊರಟಿತು ಎಂಬುದನ್ನೆಲ್ಲ ತಿಳಿಸುತ್ತದೆ. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ 8051 ಮತ್ತು ಅದರ ವಂಶದ ಚಿಪ್‌ಗಳಿಗೆ ಯುಸಿಸಿಮ್ ಇದೆ. ಹಂಗೇರಿಯ ಮಿಶ್ಕೋಲ್ಟ್ಸ್ ವಿಶ್ವವಿದ್ಯಾಲಯದ ಡಾನಿಯಲ್ ದ್ರೋತೋಶ್ ಬರೆದದ್ದು. ಎಸ್‌ಡಿಸಿಸಿ ಎಂಬ ಮುಕ್ತ ಸಿ ಕಂಪೈಲರ್ (ಸಿ ಭಾಷೆಯ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ತಂತ್ರಾಂಶ) ಜೊತೆಗೇ ಬರುತ್ತದೆ. ಆರ್ಡುಯಿನೊ ಬೋರ್ಡಿನಲ್ಲಿರುವ ಎವಿಆರ್ ಚಿಪ್‌ಗಳಿಗೆ ಸಿಮ್‌ಎವಿಆರ್ ಇದೆ. ಪಿಕ್ ಚಿಪ್‌ಗಳಿಗೆ ಜಿಪಿಸಿಮ್. ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಇವೆಲ್ಲ ಸಿದ್ಧ ಪ್ಯಾಕೇಜುಗಳಾಗಿ ಸಿಗುತ್ತವೆ. ಒಮ್ಮೆ ಹಾಕಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ, ಶುಲ್ಕ ಬೇಡ, ಎಷ್ಟು ಕಂಪ್ಯೂಟರ್‌ಗಳಿಗಾದರೂ ಹಾಕಬಹುದು.

ಹಾಗಾದರೆ ಏಕೆ ಬಳಸುತ್ತಿಲ್ಲ? ಅಧ್ಯಾಪಕರೊಬ್ಬರನ್ನು ಕೇಳಿದಾಗ ಅವರು ಕೊಟ್ಟ ಉತ್ತರ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು, ಅದರ ಮುಂದೆ ಹತ್ತಾರು ಆಯ್ಕೆಗಳು, ಮಕ್ಕಳು ಹೆದರುತ್ತಾರೆ ಎಂದು. ಆ ಹೆದರಿಕೆ ಕಳೆಯಲು ಬೇಕಾದದ್ದು ಒಂದು ಮಧ್ಯಾಹ್ನ ಮತ್ತು ಕನ್ನಡದಲ್ಲಿ ಬರೆದ ಒಂದು ಹಾಳೆ. ಏಕೆಂದರೆ ನಿಜವಾಗಿ ಬೇಕಾಗುವ ಆಯ್ಕೆಗಳು ಬೆರಳೆಣಿಕೆಯಷ್ಟು, ಮತ್ತು ಒಂದೊಂದೂ ಆ ಚಿಪ್ಪಿನ ಬಗ್ಗೆ ವಿದ್ಯಾರ್ಥಿ ತಿಳಿದಿರಲೇಬೇಕಾದ ಒಂದು ಸಂಗತಿಯನ್ನು ಕೇಳುತ್ತದೆ. ಅದನ್ನು ತೋರಿಸಲು ಎರಡು ಸಿಮ್ಯುಲೇಟರ್‌ಗಳನ್ನು ಇಲ್ಲಿ ವಿವರಿಸುತ್ತೇನೆ. ಪತ್ರಿಕೆಗಾಗಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವೇ ಇಂಗ್ಲಿಷ್ ಅಕ್ಷರಗಳನ್ನು, ಆಯ್ಕೆಯಾದರೆ ಅದಕ್ಕೆ ಮೊದಲು ಒಂದು ಅಡ್ಡಗೆರೆ (-) ಹಾಕಿ, ಒತ್ತಬೇಕು.

ಯುಸಿಸಿಮ್‌ನಲ್ಲಿ 8051ಕ್ಕಾಗಿ ಇರುವ ಸಿಮ್ಯುಲೇಟರಿನ ಹೆಸರು ಎಸ್51. ಹೊಸ ಆವೃತ್ತಿಗಳಲ್ಲಿ ಯುಸಿಸಿಮ್_51. ಅದರ ಮೊದಲ ಆಯ್ಕೆ ಸಣ್ಣ ಟಿ, ಚಿಪ್ಪಿನ ಬಗೆ. 51 ಎಂದರೆ 128 ಬೈಟ್ ಒಳ ರ‍್ಯಾಮ್ ಇರುವುದು, 52 ಎಂದರೆ 256 ಬೈಟ್ ಮತ್ತು ಹೆಚ್ಚಿನ ಒಂದು ಟೈಮರ್ ಇರುವುದು. ನಮ್ಮ ಹಳೆಯ ಬೋರ್ಡುಗಳಲ್ಲಿರುವ 89ಎಸ್52 ಚಿಪ್ಪಿಗೆ 52 ಎಂದೇ ಹೇಳಬೇಕು. ಯಾವ ಬಗೆಗಳು ಗೊತ್ತಿವೆ ಎಂದು ದೊಡ್ಡ ಎಚ್ ಕೊಟ್ಟು ಕೇಳಿದರೆ ಪಟ್ಟಿಯನ್ನೇ ಮುಂದಿಡುತ್ತದೆ.

ಎರಡನೆಯದು ದೊಡ್ಡ ಎಕ್ಸ್, ಕ್ರಿಸ್ಟಲಿನ, ಅಂದರೆ ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಬಿಡಿಭಾಗದ, ವೇಗ. ನನ್ನ ಮಟ್ಟಿಗೆ ಈ ಒಂದೇ ಆಯ್ಕೆ ಒಂದು ಇಡೀ ಪಾಠ. ನಾವು ಏನೂ ಹೇಳದಿದ್ದರೆ ಸಿಮ್ಯುಲೇಟರ್ ತಾನಾಗಿ 11.0592 ಮೆಗಾಹರ್ಟ್ಸ್ ಎಂದುಕೊಳ್ಳುತ್ತದೆ. ಪಠ್ಯದ ಎಷ್ಟೋ ಉದಾಹರಣೆಗಳು 12 ಮೆಗಾಹರ್ಟ್ಸ್ ಎಂದು ಹಿಡಿದು ಲೆಕ್ಕ ಮಾಡುತ್ತವೆ, ಏಕೆಂದರೆ ಆಗ ಒಂದು ಯಂತ್ರಚಕ್ರ (ಕ್ರಿಸ್ಟಲಿನ 12 ಮಿಡಿತ) ಸರಿಯಾಗಿ ಒಂದು ಮೈಕ್ರೊಸೆಕೆಂಡ್. ಬೋರ್ಡಿನಲ್ಲಿ ಬೆಸುಗೆ ಹಾಕಿರುವುದು ಮಾತ್ರ ಬಹುಪಾಲು 11.0592. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಸುಮ್ಮನಾಗುತ್ತಾರೆ. ಚಿಪ್ ತಾನು ಅಕ್ಷರ ಕಳುಹಿಸುವ ವೇಗವನ್ನು ಪಡೆಯುವ ಕ್ರಮದಲ್ಲೇ ಅದನ್ನು 12ರಿಂದ ಭಾಗಿಸಿ, ಮತ್ತೆ 32ರಿಂದ ಭಾಗಿಸಿ, ಆಮೇಲೆ 3ರಿಂದ ಭಾಗಿಸಿ ನೋಡಿ: ಶೇಷವಿಲ್ಲದೆ 9600 ಬರುತ್ತದೆ, ಅಂದರೆ ಸೀರಿಯಲ್ ಸಂವಹನದ ಬಾಡ್ ದರ (ಸೆಕೆಂಡಿಗೆ ಸಾಗುವ ಬಿಟ್‌ಗಳ ಸಂಖ್ಯೆ). 12 ಮೆಗಾಹರ್ಟ್ಸ್ ಹಾಕಿ ಅದೇ ಲೆಕ್ಕ ಮಾಡಿದರೆ 10416 ಬರುತ್ತದೆ, ಶೇಕಡ 8.5ರಷ್ಟು ವ್ಯತ್ಯಾಸ, ಅತ್ತಲಿನ ಯಂತ್ರಕ್ಕೆ ಅಕ್ಷರಗಳು ಅರ್ಥವಾಗುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, 12ರ ಲೆಕ್ಕದಲ್ಲಿ ಬರೆದ ಎರಡು ನಿಮಿಷದ ತಡೆ 11.0592ರ ಬೋರ್ಡಿನಲ್ಲಿ 130 ಸೆಕೆಂಡ್ ಆಗುತ್ತದೆ. ದೊಡ್ಡ ಎಕ್ಸ್ ಮುಂದೆ 12ಎಂ ಎಂದು ಒಮ್ಮೆ, 11059200 ಎಂದು ಇನ್ನೊಮ್ಮೆ ಕೊಟ್ಟು ಅದೇ ಪ್ರೋಗ್ರಾಮನ್ನು ಓಡಿಸಿ, ಸಿಮ್ಯುಲೇಟರಿನೊಳಗೆ ‘ಸ್ಟೇಟ್’ ಎಂಬ ಕಮಾಂಡ್ ಕೊಟ್ಟರೆ ಕಳೆದ ಕಾಲ ಸೆಕೆಂಡುಗಳಲ್ಲಿ ಕಾಣಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ವಿದ್ಯಾರ್ಥಿ ಕ್ರಿಸ್ಟಲಿನ ಮಹತ್ವವನ್ನು ಮತ್ತೆ ಮರೆಯುವುದಿಲ್ಲ. 12 ಮತ್ತು ಎಂ ನಡುವೆ ಜಾಗ ಬಿಡಬಾರದು ಎಂಬುದನ್ನು ಮಾತ್ರ ಹಾಳೆಯಲ್ಲಿ ಎದ್ದು ಕಾಣುವಂತೆ ಬರೆಯಬೇಕು.

ದೊಡ್ಡ ಎಸ್ ಸೀರಿಯಲ್ ಪೋರ್ಟಿಗೆ ಸಂಬಂಧಿಸಿದ್ದು. ‘ಇನ್’ ಎಂದು ಒಂದು ಕಡತ, ‘ಔಟ್’ ಎಂದು ಇನ್ನೊಂದು ಕಡತ ಕೊಟ್ಟರೆ, ಮೊದಲನೆಯದರ ಅಕ್ಷರಗಳು ಚಿಪ್ಪಿಗೆ ಒಳಬರುತ್ತವೆ, ಚಿಪ್ ಕಳುಹಿಸಿದವು ಎರಡನೆಯದರಲ್ಲಿ ಉಳಿಯುತ್ತವೆ. ಬರಬೇಕಾದ ಉತ್ತರವನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ಬಂದ ಉತ್ತರದೊಡನೆ ಹೋಲಿಸಿದರೆ ಪರೀಕ್ಷೆ ಮುಗಿಯಿತು. ಇಲ್ಲೊಂದು ಎಚ್ಚರಿಕೆ ಅಗತ್ಯ. ಕಡತಕ್ಕೆ ಅಕ್ಷರಗಳು ಇಡಿಯಾಗಿ ಹೋಗುವುದರಿಂದ ಬಾಡ್ ದರ ತಪ್ಪಿದ್ದರೂ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೇಲಿನ ಭಾಗಾಕಾರವನ್ನು ಕೈಯಾರೆ ಮಾಡಿಯೇ ತೀರಬೇಕು. ಉಳಿದಂತೆ, ಸಿಮ್ಯುಲೇಟರ್ ತೆರೆದಾಗ ಮಾಡಬೇಕಾದ ಕೆಲಸಗಳನ್ನು ಕಡತದಲ್ಲಿ ಬರೆದು ದೊಡ್ಡ ಸಿ ಜೊತೆ ಕೊಡಬಹುದು. ಸಣ್ಣ ಜಿ ಕೊಟ್ಟರೆ ತಾನಾಗಿ ಓಡಲಾರಂಭಿಸುತ್ತದೆ, ದೊಡ್ಡ ಜಿ ಕೊಟ್ಟರೆ ಓಡಿ, ನಿಂತಾಗ ಹೊರಬರುತ್ತದೆ. ಇಲ್ಲಿ ಸಣ್ಣ ಅಕ್ಷರಕ್ಕೂ ದೊಡ್ಡ ಅಕ್ಷರಕ್ಕೂ ಅರ್ಥ ಬೇರೆ ಎಂಬುದು ಹೊಸಬರನ್ನು ಹೆಚ್ಚು ಕಾಡುವ ವಿಷಯ.

ಈಗ ಸಿಮ್‌ಎವಿಆರ್. ನಮ್ಮ ಹೊಸ ಬೋರ್ಡುಗಳಲ್ಲಿರುವುದು ಎಟಿಮೆಗಾ328ಪಿ. ಆರ್ಡುಯಿನೊ ಉನೊದಲ್ಲಿರುವ ಚಿಪ್ಪೇ ಇದು. 32 ಕಿಲೊಬೈಟ್ ಫ್ಲ್ಯಾಶ್ (ಪ್ರೋಗ್ರಾಮ್ ಕೂರುವ ಜಾಗ), 2 ಕಿಲೊಬೈಟ್ ರ‍್ಯಾಮ್, 1 ಕಿಲೊಬೈಟ್ ಇಇಪ್ರಾಮ್ (ನಾವು ಹೊಂದಿಸಿದ ವಿವರಗಳನ್ನು ಕರೆಂಟ್ ಹೋದರೂ ಉಳಿಸಿಕೊಳ್ಳುವ ಜಾಗ). ಸಣ್ಣ ಎಂ ಎಂದರೆ ಚಿಪ್ಪಿನ ಹೆಸರು, ಸಣ್ಣ ಎಫ್ ಎಂದರೆ ವೇಗ. ಇಲ್ಲಿ 16ಎಂ ಎಂದರೆ ಅದಕ್ಕೆ ಗೊತ್ತಾಗುವುದಿಲ್ಲ, 16000000 ಎಂದು ಹರ್ಟ್ಸ್ ಲೆಕ್ಕದಲ್ಲೇ ಸೊನ್ನೆ ಎಣಿಸಿ ಬರೆಯಬೇಕು. ಎಫ್‌ಎಫ್ ನಂತರ ಪ್ರೋಗ್ರಾಮಿನ ಹೆಕ್ಸ್ ಕಡತ, ಇಇ ನಂತರ ಇಇಪ್ರಾಮಿನಲ್ಲಿ ಇರಬೇಕಾದ ವಿವರಗಳ ಹೆಕ್ಸ್ ಕಡತ. ಸಣ್ಣ ಒ ಎಂದರೆ ಪಿನ್‌ಗಳ ಏರಿಳಿತವನ್ನು ಕಾಲದೊಂದಿಗೆ ದಾಖಲಿಸುವ ವಿಸಿಡಿ ಕಡತ. ಯಾವ ಪಿನ್ ಬೇಕೆಂದು ಎಟಿ ಆಯ್ಕೆಯಲ್ಲಿ ಅಥವಾ ಪ್ರೋಗ್ರಾಮಿನೊಳಗೇ ತಿಳಿಸಬಹುದು. ಆ ಕಡತವನ್ನು ಜಿಟಿಕೆವೇವ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಆಸಿಲೋಸ್ಕೋಪಿನ ಪರದೆಯಂತೆ ಅಲೆಗಳು ಕಾಣುತ್ತವೆ. ಸಣ್ಣ ಐ ಇದಕ್ಕೆ ತಿರುಗಾಮುರುಗ: ಇಂಥ ಹೊತ್ತಿಗೆ ಇಂಥ ಪಿನ್ ಏರಲಿ, ಇಳಿಯಲಿ ಎಂದು ನಾವೇ ಬರೆದ ಕಡತವನ್ನು ಒಳಗೆ ಕೊಡುವುದು. ರೈತನ ತೋಟದಲ್ಲಿ ಕರೆಂಟ್ ಹೋಗಿ ಬರುವ ಆಟವನ್ನು ನಾನು ಈ ಕಡತದಲ್ಲಿ ಬರೆಸುತ್ತೇನೆ. ಫೇಸ್ ಒಂದು ಕಣ್ಣು ಮಿಟುಕಿಸಿದಂತೆ ಹೋಗಿ ಬಂದದ್ದು, ಎರಡನೆಯ ಫೇಸ್ ತಡವಾಗಿ ಬಂದದ್ದು, ಬಂದ ಕರೆಂಟ್ ತಡೆಯ ಅವಧಿ ಮುಗಿಯುವ ಮೊದಲೇ ಮತ್ತೆ ಹೋದದ್ದು, ಎಲ್ಲವೂ ಅಲ್ಲಿರುತ್ತವೆ. ಇದನ್ನೆಲ್ಲ ಮೇಜಿನ ಮೇಲಿನ ಬೋರ್ಡಿಗೆ ಸ್ವಿಚ್ ಒತ್ತಿ ತೋರಿಸುತ್ತೇನೆಂದರೆ ಅದೇ ಕ್ಷಣಗಳನ್ನು ಎರಡನೆಯ ಸಲ ಮರಳಿ ತರಲು ಯಾರ ಕೈಯಿಂದಲೂ ಆಗದು.

ಇದರಿಂದ ಏನು ಪ್ರಯೋಜನವಾಯಿತು ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಜಗಳೂರಿನ ಆ ಹುಡುಗಿಯೇ ತಡೆಯ ಅವಧಿಯ ಭಾಗವನ್ನು ಬರೆದಿದ್ದಳು. ಎಷ್ಟು ನಿಮಿಷ ತಡೆಯಬೇಕೆಂಬುದು ಇಇಪ್ರಾಮಿನಲ್ಲಿ ಇರುತ್ತದೆ. ಅದನ್ನು 60ರಿಂದಲೂ 1000ದಿಂದಲೂ ಗುಣಿಸಿ ಮಿಲಿಸೆಕೆಂಡ್ ಮಾಡಿಕೊಂಡು ಎಣಿಸುವುದು. ಸರಳವಾದ ಲೆಕ್ಕ. ಅವಳು ಅದನ್ನು ಮೊದಲು ಮಾಮೂಲಿ ಕಂಪ್ಯೂಟರಿನ ಕಂಪೈಲರ್‌ನಲ್ಲಿ ಓಡಿಸಿ ನೋಡಿದ್ದಳು, ಉತ್ತರ ಸರಿ ಬಂದಿತ್ತು. ಬೋರ್ಡಿಗೆ ತುಂಬಿ ಒಂದು ನಿಮಿಷಕ್ಕೆ ಹೊಂದಿಸಿ ನೋಡಿದಳು, ಅದೂ ಸರಿ. ಆಮೇಲೆ ಇಇ ಕಡತದಲ್ಲಿ ಎರಡು ನಿಮಿಷ ಎಂದು ಬರೆದು ಸಿಮ್‌ಎವಿಆರ್‌ನಲ್ಲಿ ಓಡಿಸಿದಾಗ, ಕರೆಂಟ್ ಬಂದ 54 ಸೆಕೆಂಡಿಗೇ ಮೋಟಾರನ್ನು ಚಾಲೂ ಮಾಡುವ ರಿಲೇ ಪಿನ್ ಏರಿದ್ದು ವಿಸಿಡಿ ಕಡತದಲ್ಲಿ ಕಂಡಿತು. ಮೂರು ನಿಮಿಷ ಎಂದು ಕೊಟ್ಟರೆ 49 ಸೆಕೆಂಡಿನ ಹತ್ತಿರ. ಐದು ನಿಮಿಷಕ್ಕೆ 38 ಸೆಕೆಂಡ್. ಹೆಚ್ಚು ಹೊತ್ತು ತಡೆ ಎಂದಷ್ಟೂ ಬೇಗ ಮೋಟಾರ್ ಏಳುತ್ತಿತ್ತು!

ಕಾರಣ ಅವಳೇ ಕಂಡುಹಿಡಿದಳು. ಈ ಚಿಪ್‌ಗಳಲ್ಲಿ ಸಿ ಭಾಷೆಯ ‘ಇಂಟ್’ ಎಂಬ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ; ಚಿಹ್ನೆಯಿಲ್ಲದೆ ಬಳಸಿದರೆ 65535ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಯುವುದಿಲ್ಲ. ಒಂದು ನಿಮಿಷದ 60000 ಹಿಡಿಯುತ್ತದೆ. ಎರಡು ನಿಮಿಷದ 120000ದಲ್ಲಿ 65536 ಚೆಲ್ಲಿಹೋಗಿ 54464 ಉಳಿಯುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ‘ಇಂಟ್’ 32 ಬಿಟ್ ಆದ್ದರಿಂದ ಅಲ್ಲಿ ತಪ್ಪು ಕಾಣಲೇ ಇಲ್ಲ. ಸಂಖ್ಯೆ ಇಇಪ್ರಾಮಿನಿಂದ ಬರುವುದರಿಂದ ಕಂಪೈಲರ್ ಕೂಡ ಎಚ್ಚರಿಕೆ ಕೊಡಲಿಲ್ಲ. ಬೋರ್ಡಿನ ಮೇಲೆ ಒಂದು ನಿಮಿಷಕ್ಕಷ್ಟೇ ನೋಡಿ ಕಳುಹಿಸಿದ್ದರೆ ಆ ಬೋರ್ಡುಗಳು ತೋಟ ಸೇರಿ, ಬೇರೆ ಬೇರೆ ಹೊತ್ತಿಗೆ ಏಳಬೇಕಾದ ಮೋಟಾರುಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಟ್ಟಿಗೆ ಏಳುತ್ತಿದ್ದವು. ಪ್ರೋಗ್ರಾಮಿನಲ್ಲಿ ‘ಲಾಂಗ್’ ಎಂಬ ಒಂದು ಪದ ಸೇರಿಸಿದಳು, ಸರಿಹೋಯಿತು. ಪಠ್ಯಪುಸ್ತಕದಲ್ಲಿ ‘ಇಂಟ್’ 16 ಬಿಟ್ ಎಂದು ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಅದು ಕಣ್ಣಿಗೆ ಕಂಡದ್ದು ಅಂದು.

ಅಂದಿನಿಂದ ಅವಳು ನಿಮಿಷಗಳ ಬೇರೆ ಬೇರೆ ಬೆಲೆಗಳಿಗೆ ಬೇರೆ ಬೇರೆ ಇಇ ಕಡತ ಮಾಡಿ, ಒಂದಾದ ಮೇಲೊಂದು ಓಡಿಸುವ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದ ಕಡತ) ಬರೆದಿಟ್ಟಿದ್ದಾಳೆ. ಸಂಜೆ ಬಾಗಿಲು ಹಾಕುವಾಗ ಚಾಲೂ ಮಾಡುತ್ತೇವೆ. ಬೆಳಿಗ್ಗೆ ಬಂದು ಫಲಿತಾಂಶದ ಕಡತ ತೆರೆಯುತ್ತೇವೆ. ಪ್ರೋಗ್ರಾಮ್ ತನ್ನ ಕೆಲಸ ಮುಗಿದ ಮೇಲೆ ಇಂಟರಪ್ಟ್‌ಗಳನ್ನು (ಚಿಪ್ಪನ್ನು ನಡುವೆ ಎಬ್ಬಿಸುವ ಸಂಕೇತಗಳನ್ನು) ಮುಚ್ಚಿ ನಿದ್ರಾವಸ್ಥೆಗೆ ಹೋದರೆ ಸಿಮ್‌ಎವಿಆರ್ ತಾನಾಗಿ ನಿಲ್ಲುತ್ತದೆ, ಸ್ಕ್ರಿಪ್ಟ್ ಮುಂದಿನದಕ್ಕೆ ಹೋಗುತ್ತದೆ. ಕಮಾಂಡ್ ರೂಪದಲ್ಲಿ ಕಲಿಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಚಿತ್ರರೂಪದ ತಂತ್ರಾಂಶದಲ್ಲಿ ಎಲ್ಲಿ ಒತ್ತಿದೆ, ಯಾವ ಪೆಟ್ಟಿಗೆಗೆ ಗುರುತು ಹಾಕಿದೆ ಎಂಬುದು ಮಾಡಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಕಮಾಂಡ್ ಒಂದು ಸಾಲು. ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳಬಹುದು, ಊರಿನಲ್ಲಿರುವ ಸಹಪಾಠಿಗೆ ಮೊಬೈಲ್ ಸಂದೇಶದಲ್ಲಿ ಕಳುಹಿಸಬಹುದು. ಅವರು ಅದನ್ನೇ ಟೈಪ್ ಮಾಡಿದರೆ ಅದೇ ಫಲಿತಾಂಶ ಬರುತ್ತದೆ. ಅಧ್ಯಾಪಕರಿಗೂ ಒಂದು ತರಗತಿಯ ಎಲ್ಲ ಮಕ್ಕಳ ಪ್ರೋಗ್ರಾಮುಗಳನ್ನು ಒಂದೇ ಸ್ಕ್ರಿಪ್ಟಿನಿಂದ ಪರೀಕ್ಷಿಸಲು ಸಾಧ್ಯವಾಗುತ್ತದೆ.

ಮುಂದೆ ಇಂಜಿನಿಯರಿಂಗ್ ಓದುವವರಿಗೆ ಇನ್ನೊಂದು ಆಯ್ಕೆ ಹೇಳಬೇಕು. ಸಿಮ್‌ಎವಿಆರ್‌ಗೆ ಸಣ್ಣ ಜಿ ಕೊಟ್ಟರೆ ಅದು 1234ನೇ ನೆಟ್‌ವರ್ಕ್ ಪೋರ್ಟಿನಲ್ಲಿ ಡೀಬಗರ್‌ಗಾಗಿ (ತಪ್ಪು ಹುಡುಕುವ ತಂತ್ರಾಂಶಕ್ಕಾಗಿ) ಕಾಯುತ್ತದೆ. ಜಿಡಿಬಿ ಎಂಬ ಡೀಬಗರ್‌ನಿಂದ ಅಲ್ಲಿಗೆ ಸಂಪರ್ಕಿಸಿ ಒಂದೊಂದೇ ಸಾಲು ಓಡಿಸಬಹುದು. ಎಆರ್‌ಎಂ ಚಿಪ್‌ಗಳನ್ನೂ ಅನುಕರಿಸುವ ಕ್ಯೂಎಮು ಎಂಬ ತಂತ್ರಾಂಶದಲ್ಲಿ ಸಣ್ಣ ಎಸ್ ಕೊಟ್ಟರೂ ಅದೇ 1234, ದೊಡ್ಡ ಎಸ್ ಕೊಟ್ಟರೆ ಡೀಬಗರ್ ಹೇಳುವ ತನಕ ಮೊದಲ ಆದೇಶವನ್ನೂ ಓಡಿಸುವುದಿಲ್ಲ. ಒಂದು ಕಡೆ ಕಲಿತ ಕ್ರಮ ಇನ್ನೊಂದು ಕಡೆ ಕೈಹಿಡಿಯುತ್ತದೆ.

ಸಿಮ್ಯುಲೇಟರ್ ಇದ್ದರೆ ಕಿಟ್ ಬೇಡ ಎಂದು ಯಾರಾದರೂ ಈ ಪತ್ರವನ್ನು ಬಳಸಿಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಮೋಟಾರಿಗೆ ಕರೆಂಟ್ ಹಾಯಿಸುವ ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಏಳುವ ವೋಲ್ಟೇಜಿನ ಹೊಡೆತಕ್ಕೆ ಮೈಕ್ರೊಕಂಟ್ರೋಲರ್ ಇದ್ದಕ್ಕಿದ್ದಂತೆ ರೀಸೆಟ್ ಆಗುವುದನ್ನು ಸಿಮ್ಯುಲೇಟರ್ ತೋರಿಸುವುದಿಲ್ಲ. ಸ್ವಿಚ್ಚಿನ ಸಂಪರ್ಕ ಅದುರುವುದನ್ನು ನಾವು ಬರೆದು ಕೊಟ್ಟರೆ ಮಾತ್ರ ತೋರಿಸುತ್ತದೆ. ಬಿಸಿಲಿಗೆ ಕಾದ ಪೆಟ್ಟಿಗೆ, ಇರುವೆ ಹೊಕ್ಕ ರಿಲೇ, ಸಡಿಲವಾದ ಬೆಸುಗೆ, ಇವೆಲ್ಲ ನಿಜವಾದ ಬೋರ್ಡನ್ನು ಕೈಯಲ್ಲಿ ಹಿಡಿದವರಿಗೇ ತಿಳಿಯುವುದು. ಕಿಟ್‌ಗಳು ಬೇಕು, ಸಾಕಷ್ಟು ಸಂಖ್ಯೆಯಲ್ಲಿ ಬೇಕು, ಪತ್ರ ಬರೆದ ವಿದ್ಯಾರ್ಥಿಯ ಬೇಡಿಕೆ ಈಡೇರಲೇಬೇಕು. ಆದರೆ ಕಿಟ್ಟಿನ ಮುಂದೆ ಸಿಗುವ ಆ ಸ್ವಲ್ಪ ಸಮಯವನ್ನು ‘ಇಂಟ್’ನ ಅಳತೆ ತಪ್ಪಿದ್ದನ್ನು ಹುಡುಕುವುದರಲ್ಲಿ ಕಳೆಯಬಾರದು. ಆ ತಪ್ಪನ್ನು ಮನೆಯಲ್ಲೇ ಕಳೆದುಕೊಂಡು ಬಂದವರು ಕಿಟ್ಟಿನ ಮುಂದೆ ಬೋರ್ಡು ಮಾತ್ರ ಕಲಿಸಬಲ್ಲದ್ದನ್ನು ಕಲಿಯಲಿ.

ಪಠ್ಯಕ್ರಮದಲ್ಲಿಲ್ಲ, ಪರೀಕ್ಷೆಯಲ್ಲಿ ಕೇಳುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಇದಕ್ಕೆ ಹೊಸ ವಿಷಯ ಸೇರಿಸುವ ಅಗತ್ಯವೇ ಇಲ್ಲ. ಈಗಿರುವ ಪ್ರಯೋಗಗಳನ್ನೇ ಮೊದಲು ಸಿಮ್ಯುಲೇಟರಿನಲ್ಲಿ ಓಡಿಸಿ, ಬಳಸಿದ ಕಮಾಂಡನ್ನೂ ಬಂದ ಫಲಿತಾಂಶವನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು ಎಂದು ವಿಭಾಗದ ಮುಖ್ಯಸ್ಥರು ಹೇಳಿದರೆ ಸಾಕು. ಕ್ರಿಸ್ಟಲಿನ ಬೆಲೆ ಬದಲಿಸಿದರೆ ಏನಾಗುತ್ತದೆ ಎಂದು ಮೌಖಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೇಳಲಿ.

ಭಾಷೆಯ ವಿಚಾರವೂ ಮುಖ್ಯ. ಈ ಸಿಮ್ಯುಲೇಟರ್‌ಗಳ ಸಹಾಯಪಠ್ಯವೆಲ್ಲ ಇಂಗ್ಲಿಷಿನಲ್ಲಿದೆ, ಅದೂ ತೀರ ಅಡಕವಾಗಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ನೇರ ಡಿಪ್ಲೊಮಾಕ್ಕೆ ಬಂದ ಮಕ್ಕಳು ಅದನ್ನು ನೋಡಿ ಹಿಂಜರಿಯುವುದು ಸಹಜ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡದ ಧ್ವನಿಯಲ್ಲಿ ಉಚಿತವಾಗಿ ಸಿಗುತ್ತವೆ. ಕಪ್ಪು ಪರದೆಯ ಮೊದಲ ಪರಿಚಯಕ್ಕೆ ಅವನ್ನು ಬಳಸಬಹುದು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಮ್ಮ ಎರಡೂ ಜಿಲ್ಲೆಗಳ ಡಿಪ್ಲೊಮಾ ಕಾಲೇಜುಗಳ ಪ್ರಯೋಗಾಲಯ ಬೋಧಕರಿಗೆ ಅಂಥದೇ ಒಂದು ಕಿರು ತರಬೇತಿ ಏರ್ಪಡಿಸುವಂತೆ ತಾಂತ್ರಿಕ ಶಿಕ್ಷಣ ಇಲಾಖೆಯು ಪ್ರಯತ್ನಿಸಬೇಕೆಂದು ಕೋರುತ್ತೇನೆ.

ನಮ್ಮ ಕಾರ್ಯಾಗಾರದಲ್ಲಿ ಎಸ್51 ಮತ್ತು ಸಿಮ್‌ಎವಿಆರ್ ಆಯ್ಕೆಗಳನ್ನು ಕನ್ನಡದಲ್ಲಿ ವಿವರಿಸಿದ ಒಂದು ಹಾಳೆ ಗೋಡೆಗೆ ಅಂಟಿಸಿದ್ದೇವೆ. ಮೊದಲು ಬರೆದವಳು ಜಗಳೂರಿನ ಆ ಹುಡುಗಿ, ತಿದ್ದಿದವಳು ನಾನು. ಯಾವುದೇ ಕಾಲೇಜು ಕೇಳಿದರೂ ಅದರ ಪ್ರತಿಯನ್ನು ಕೊಡುತ್ತೇವೆ, ಗೋಡೆಗೆ ಹಾಕಿಕೊಳ್ಳಲಿ, ತಿದ್ದಲಿ, ಬೆಳೆಸಲಿ. ಶನಿವಾರ ಮಧ್ಯಾಹ್ನದ ಮೇಲೆ ನಮ್ಮ ಎರಡು ಕಂಪ್ಯೂಟರ್‌ಗಳು ಬಿಡುವಾಗಿರುತ್ತವೆ. ಪತ್ರ ಬರೆದ ಆ ವಿದ್ಯಾರ್ಥಿಯೂ ಅವರ ಗೆಳೆಯರೂ ತಮ್ಮ ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬರಲಿ. ಅವರ ಕಿಟ್ಟಿನ ಚಿಪ್ ಯಾವುದು, ಕ್ರಿಸ್ಟಲ್ ಎಷ್ಟು ಎಂಬುದನ್ನು ನೋಡಿ ಬರೆದುಕೊಂಡು ಬಂದರೆ ಅಲ್ಲೇ ಕೂತು ಓಡಿಸೋಣ. ವಿಳಾಸವನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ, ಕೇಳಿದವರಿಗೆ ದಯವಿಟ್ಟು ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಪಂಪ್‌ಸೆಟ್ ನಿಯಂತ್ರಕ ಬೋರ್ಡುಗಳ ತಯಾರಕಿ,
ದಾವಣಗೆರೆ